ಆತಂಕದ ಕಾಯಿಲೆಗೆ ಔಷಧ ಪ್ರಯೋಗ: ಸಹಿ ಹಾಕುವ ಮುನ್ನ

ಎದೆ ಡವಡವ, ನಿದ್ದೆಯಿಲ್ಲ, ಕಾರಣವಿಲ್ಲದ ಗಾಬರಿ. ಇಂಥ ಆತಂಕದ ಕಾಯಿಲೆಗೆ ಹೊಸ ಔಷಧ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗೆ ಯಾರಾದ್ರೂ ಕರೆದರೆ ಮೊದಲು ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಈ ಸರ್ಕಾರಿ ದಾಖಲೆಯನ್ನು ಮೊಬೈಲ್‌ನಲ್ಲೇ ಉಚಿತವಾಗಿ ನೋಡಬಹುದು. ಸೇರಲು ದುಡ್ಡು ಕೇಳಿದ್ರೆ ಎದ್ದು ಬನ್ನಿ.

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮಗೂ ಸಿಗಬೇಕು. ಕೊಡುವುದು ಔಷಧವೇ ಆಗಬೇಕೆಂದಿಲ್ಲ. ಔಷಧವಿಲ್ಲದ ಪ್ಲಸೀಬೊ ಮಾತ್ರೆಯೂ ಆಗಬಹುದು. ಹಲವು ಟ್ರಯಲ್‌ಗಳಲ್ಲಿ ಅದು ವೈದ್ಯರಿಗೂ ಗೊತ್ತಿರಲ್ಲ. ಹಾಗಂತ ಈಗಿನ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ, ಕೆಲವನ್ನು ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು. ಟ್ರಯಲ್‌ನಿಂದ ತೊಂದರೆಯಾದ್ರೆ ಉಚಿತ ಚಿಕಿತ್ಸೆ, ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಕಾರಣ ಹೇಳದೆ ಯಾವಾಗ ಬೇಕಾದ್ರೂ ಹೊರಬರಬಹುದು.

ಆತಂಕದ ಬಗ್ಗೆ ಮಾತಾಡಲು ಟೆಲಿ ಮನಸ್ ಉಚಿತ ಸಹಾಯವಾಣಿ: 14416.