ಪುಪ್ಪುಸ ಅಧಿಕ ರಕ್ತದೊತ್ತಡ ಚಿಕಿತ್ಸಾ ಕೇಂದ್ರಗಳ ಮಾನ್ಯತೆ

ಹೃದಯದ ಬಲಭಾಗದಿಂದ ಶ್ವಾಸಕೋಶಗಳಿಗೆ ರಕ್ತವನ್ನೊಯ್ಯುವ ಪುಪ್ಪುಸ ಧಮನಿಯಲ್ಲಿ ಒತ್ತಡವು ಮಿತಿಮೀರಿ, ಬಲ ಹೃತ್ಕುಕ್ಷಿಯು ಕ್ರಮೇಣ ಬಳಲಿ ಸೋಲುವ ಸ್ಥಿತಿಗೆ ಪುಪ್ಪುಸ ಅಧಿಕ ರಕ್ತದೊತ್ತಡವೆಂದು ಹೆಸರು; ವೈದ್ಯರ ಬಾಯಲ್ಲಿ ಇದು ಪಲ್ಮನರಿ ಹೈಪರ್‌ಟೆನ್ಷನ್. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ.ಯಲ್ಲಿ ಇದು ಕಾಣಿಸಿಕೊಳ್ಳದಾದ ಕಾರಣ, ಮೆಟ್ಟಿಲೇರುವಾಗ ಏದುಸಿರು ಬಿಡುವವರು ಅದನ್ನು ನಿಶ್ಶಕ್ತಿಯೆಂದೋ ಉಬ್ಬಸವೆಂದೋ ಭಾವಿಸಿ ಕಾಲ ಕಳೆದು, ಕಾಲು ಬಾತುಕೊಂಡ ಮೇಲೆ ತಜ್ಞರ ಬಳಿಗೆ ಬರುವುದುಂಟು. ಇಂಥವರನ್ನು ನೋಡಿಕೊಳ್ಳಲು ಒಂದು ಆಸ್ಪತ್ರೆಗೆ ತಕ್ಕ ಸಾಮರ್ಥ್ಯವಿದೆಯೆಂದು ಹೊರಗಿನ ಪರೀಕ್ಷಕರು ಪರಿಶೀಲಿಸಿ ದೃಢೀಕರಿಸುವ ಕ್ರಮವೇ ಕೇಂದ್ರದ ಮಾನ್ಯತೆ.

ಈ ರೋಗಕ್ಕೆ ಪ್ರತ್ಯೇಕ ಪರೀಕ್ಷೆಯ ಅಗತ್ಯವೇನೆಂಬುದಕ್ಕೆ ಉತ್ತರವು ರೋಗದ ಸ್ವಭಾವದಲ್ಲೇ ಇದೆ. ಕಾರಣಾನುಸಾರವಾಗಿ ಇದನ್ನು ಐದು ವರ್ಗಗಳಾಗಿ ವಿಂಗಡಿಸಲಾಗಿದ್ದು, ಒಂದು ವರ್ಗಕ್ಕೆ ಅಮೃತವಾದ ಔಷಧವು ಮತ್ತೊಂದಕ್ಕೆ ಅಪಾಯಕಾರಿಯಾಗಬಲ್ಲದು: ಎಡಹೃದಯದ ಕವಾಟ ಕಿರಿದಾಗಿ ಒತ್ತಡವೇರಿದ ರೋಗಿಗೆ ಶ್ವಾಸಕೋಶದ ರಕ್ತನಾಳಗಳನ್ನು ಹಿಗ್ಗಿಸುವ ಮದ್ದನ್ನು ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ನೆರೆಯ ಕೇರಳದಲ್ಲಿ 50 ಆಸ್ಪತ್ರೆಗಳ 2,003 ರೋಗಿಗಳನ್ನು ದಾಖಲಿಸಿದ ಪ್ರೊ-ಕೇರಳ ನೋಂದಣಿಯಲ್ಲಿ ಸುಮಾರು ಶೇ 59 ಮಂದಿ ಈ ಎಡಹೃದಯದ ವರ್ಗಕ್ಕೇ ಸೇರಿದ್ದರು.

ವರ್ಗನಿರ್ಣಯಕ್ಕೆ ಎಕೋ ಪರೀಕ್ಷೆಯೊಂದೇ ಸಾಲದು. ಕುತ್ತಿಗೆಯ ಅಥವಾ ತೊಡೆಯ ಅಭಿಧಮನಿಯ ಮೂಲಕ ಕ್ಯಾಥೆಟರನ್ನು ಬಲಹೃದಯಕ್ಕೆ ತೂರಿಸಿ ಒತ್ತಡವನ್ನು ನೇರವಾಗಿ ಅಳೆಯಬೇಕು. ಪುಪ್ಪುಸ ಧಮನಿಯ ಸರಾಸರಿ ಒತ್ತಡವು 20 ಮಿ.ಮೀ. ಪಾದರಸವನ್ನು ಮೀರಿದರೆ ರೋಗವಿದೆಯೆಂಬುದು ಇಂದಿನ ಲೆಕ್ಕ. ಈ ರೋಗದ ತಜ್ಞರ 2018ರ ನೀಸ್ ಸಮ್ಮೇಳನಕ್ಕೆ ಮುನ್ನ ಈ ಗಡಿ 25 ಆಗಿತ್ತು. ಒತ್ತಡವನ್ನು ಗ್ರಹಿಸುವ ಟ್ರಾನ್ಸ್‌ಡ್ಯೂಸರನ್ನು ಮಲಗಿದ ರೋಗಿಯ ಎದೆಯ ನಡುಮಟ್ಟಕ್ಕೆ ಸರಿಯಾಗಿ ನಿಲ್ಲಿಸದೆ 10 ಸೆಂಟಿಮೀಟರ್ ಕೆಳಗೆ ಬಿಟ್ಟರೆ ಏಳು ಮಿ.ಮೀ.ಗೂ ಹೆಚ್ಚು ಒತ್ತಡ ಸುಮ್ಮನೆ ಕೂಡಿಕೊಂಡು, ನಿರೋಗಿಯೂ ರೋಗಿಯೆನಿಸಿಬಿಡುತ್ತಾನೆ. ಮಾನ್ಯತೆಯ ಜೀವಾಳವಿರುವುದು ಇಂಥ ಸೂಕ್ಷ್ಮಗಳಲ್ಲೇ ಹೊರತು ಕಟ್ಟಡದ ಅಂದದಲ್ಲಲ್ಲ. ಆರು ನಿಮಿಷಗಳ ನಡಿಗೆಯ ಪರೀಕ್ಷೆಗೂ ಈ ಮಾತು ಸಲ್ಲುತ್ತದೆ: 30 ಮೀಟರಿನ ನಿರಾತಂಕ ಓಣಿಯಲ್ಲಿ ರೋಗಿಯು ಎಷ್ಟು ದೂರ ನಡೆದನೆಂಬುದನ್ನು ಪ್ರತಿ ಭೇಟಿಯಲ್ಲೂ ಒಂದೇ ಕ್ರಮದಲ್ಲಿ ಅಳೆದರೆ ಮಾತ್ರ ಹಿಂದಿನ ಅಂಕಿಗೂ ಇಂದಿನ ಅಂಕಿಗೂ ತುಲನೆ ಸಾಧ್ಯ.

ಅಮೆರಿಕದಲ್ಲಿ 1991ರಲ್ಲಿ ರೋಗಿಗಳೂ ಅವರ ಬಂಧುಗಳೂ ಕೂಡಿ ಕಟ್ಟಿದ ಪಲ್ಮನರಿ ಹೈಪರ್‌ಟೆನ್ಷನ್ ಅಸೋಸಿಯೇಷನ್, 2014ರಿಂದ ಸಮಗ್ರ ಚಿಕಿತ್ಸಾ ಕೇಂದ್ರ ಮತ್ತು ಪ್ರಾದೇಶಿಕ ಕೇಂದ್ರವೆಂಬ ಎರಡು ಸ್ತರಗಳಲ್ಲಿ ಮಾನ್ಯತೆ ನೀಡುತ್ತ ಬಂದಿದೆ. ನೊಂದವರೇ ಕಟ್ಟಿದ ಸಂಸ್ಥೆಯಿಂದ ಈ ಮಾನ್ಯತೆ ಬಂತೆಂಬುದು ಸ್ಮರಣೀಯ. ಯೂರೋಪಿನ ಹೃದ್ರೋಗ ಮತ್ತು ಶ್ವಾಸರೋಗ ತಜ್ಞರ 2022ರ ಮಾರ್ಗಸೂಚಿಯು, ಧಮನಿಯದೇ ದೋಷವುಳ್ಳ ಅಥವಾ ಹೆಪ್ಪುಗಟ್ಟಿದ ರಕ್ತದಿಂದ ಬಾಧಿತರಾದ 50 ರೋಗಿಗಳನ್ನಾದರೂ ಕೇಂದ್ರವು ನೋಡಿಕೊಳ್ಳುತ್ತಿರಬೇಕೆಂದೂ, ತಿಂಗಳಿಗೆ ಇಬ್ಬರಾದರೂ ಹೊಸಬರು ಬರಬೇಕೆಂದೂ ಹೇಳುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ಇಂಥ ಕೇಂದ್ರಕ್ಕೆ ಬೇಕಾದ ಅಂಗಗಳೆಲ್ಲ ಬಿಡಿಬಿಡಿಯಾಗಿ ಹತ್ತಿರದಲ್ಲೇ ಇವೆ. ಜಯನಗರ 9ನೇ ಬ್ಲಾಕಿಗೂ ಬಿಟಿಎಂ ಬಡಾವಣೆಗೂ ನಡುವೆ, ಬನ್ನೇರುಘಟ್ಟ ರಸ್ತೆಯಲ್ಲಿ ಶ್ರೀ ಜಯದೇವ ಹೃದ್ರೋಗ ಸಂಸ್ಥೆ. ಡೈರಿ ವೃತ್ತವನ್ನು ದಾಟಿ ನಿಮ್ಹಾನ್ಸ್ ಕಡೆಗೆ ಹೋದರೆ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಇವುಗಳಲ್ಲಿ ಕೊನೆಯದು, ಮಾನವ ತಳಿವಿಜ್ಞಾನ ಕೇಂದ್ರದೊಡಗೂಡಿ, 2021ರ ರಾಷ್ಟ್ರೀಯ ವಿರಳ ರೋಗ ನೀತಿಯನ್ವಯ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲ್ಪಟ್ಟಿರುವುದರಿಂದ, ರೋಗವಿಶೇಷಕ್ಕಾಗಿ ಕೇಂದ್ರಗಳನ್ನು ನಿಯೋಜಿಸುವ ಪದ್ಧತಿ ಈ ಪ್ರದೇಶಕ್ಕೆ ಅಪರಿಚಿತವಲ್ಲ. ಆದರೆ ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ಎನ್‌ಎಬಿಎಚ್ ನೀಡುವ ಆಸ್ಪತ್ರೆ ಮಾನ್ಯತೆಯು ಸೋಂಕು ನಿಯಂತ್ರಣ, ಔಷಧ ನಿರ್ವಹಣೆ, ರೋಗಿಯ ಹಕ್ಕು ಮುಂತಾದ ಇಡೀ ವ್ಯವಸ್ಥೆಯನ್ನು ಕುರಿತದ್ದು. ಪುಪ್ಪುಸ ಧಮನಿಯ ಒತ್ತಡವನ್ನು ಸರಿಯಾಗಿ ಅಳೆದರೇ ಎಂಬ ಪ್ರಶ್ನೆ ಅದರ ವ್ಯಾಪ್ತಿಗೆ ಹೊರಗೇ ಉಳಿಯುತ್ತದೆ.

ಬನಶಂಕರಿಯ ಅಥವಾ ಜೆ.ಪಿ. ನಗರದ ರೋಗಿಯೊಬ್ಬಳು ಎಕೋ ವರದಿ, ಸಿ.ಟಿ. ಫಿಲಂಗಳ ಚೀಲವನ್ನು ಹೊತ್ತು ಹೃದ್ರೋಗ ತಜ್ಞರಿಂದ ಎದೆರೋಗ ತಜ್ಞರ ಕಡೆಗೆ ಅಲೆಯುವ ಬದಲು, ಆ ಇಬ್ಬರೂ ವಿಕಿರಣ ತಜ್ಞರೊಡನೆ ಒಂದೇ ಮೇಜಿನ ಮುಂದೆ ಕುಳಿತು ಅವಳ ಕಡತವನ್ನು ನೋಡುವಂತಾಗುವುದೇ ಇಲ್ಲಿ ಮಾನ್ಯತೆಯಿಂದ ಆಗಬೇಕಾದ ಮೊದಲ ಉಪಕಾರ. ಹಳೆಯ ಹೆಪ್ಪುಗಳಿಂದ ಧಮನಿ ಮುಚ್ಚಿದ ನಾಲ್ಕನೆಯ ವರ್ಗದವರ ಮಟ್ಟಿಗೆ ಇದು ಪ್ರಾಣದ ಪ್ರಶ್ನೆ: ವಾಯು-ರಕ್ತ ಸಂಚಾರದ ಸ್ಕ್ಯಾನಿನಲ್ಲಿ ಅವರು ಪತ್ತೆಯಾದರೆ, ಯೋಗ್ಯರಾದವರಿಗೆ ಆ ಹೆಪ್ಪನ್ನು ಶಸ್ತ್ರಚಿಕಿತ್ಸೆಯಿಂದ ಸುಲಿದು ತೆಗೆಯಬಹುದು; ಆ ಕಠಿಣ ಶಸ್ತ್ರಚಿಕಿತ್ಸೆಯು ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿರುವ ನಾರಾಯಣ ಹೃದಯಾಲಯದಲ್ಲಿ ನಡೆಯುತ್ತದೆ.