ಉಳಿಯ ಬಾಯಿ

ಉಳಿಯ ಪೆಟ್ಟು ತಿನ್ನದೆ ಕಲ್ಲು ದೇವರಾಗದು ಎಂಬ ಮಾತನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಹರಿಕಥೆಯ ದಾಸರಿಗೂ ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷರಿಗೂ ಸಮಾನವಾಗಿ ಒದಗಿಬರುವ ಮಾತು ಅದು; ತರಗತಿಯಲ್ಲಿ ನಾನೂ ಅದನ್ನು ಎಷ್ಟೋ ಸಲ ಉಪಯೋಗಿಸಿಕೊಂಡಿದ್ದೇನೆ. ಅದರಲ್ಲಿ ಕಲ್ಲಿನ ಸಹನೆಯುಂಟು, ಶಿಲ್ಪಿಯ ಕೈಯುಂಟು, ಕೊನೆಗೆ ದೇವರೂ ಉಂಟು. ಇಲ್ಲದಿರುವುದು ಉಳಿಯ ಸಂಗತಿ ಒಂದೇ. ಕಲ್ಲು ದೇವರಾಗುವ ಹೊತ್ತಿಗೆ ಎಷ್ಟು ಉಳಿಗಳ ಬಾಯಿ ಹೋಯಿತು, ಹೋದ ಬಾಯನ್ನು ಮತ್ತೆ ಕಟ್ಟಿಕೊಟ್ಟವರು ಯಾರು? ನಮ್ಮ ಕಲಾಚರಿತ್ರೆಯ ಗ್ರಂಥಗಳು ಈ ಪ್ರಶ್ನೆಯನ್ನು ಕೇಳಿದ್ದು ಕಡಮೆ. ಕೇಳಿದರೆ, ಕಲೆಯ ಇತಿಹಾಸವೆಂದು ನಾವು ಓದಿಕೊಂಡಿರುವುದರಲ್ಲಿ ಒಂದು ಪಾಲು ಉಕ್ಕಿನ ಇತಿಹಾಸವೆಂದು ಗೊತ್ತಾಗುತ್ತದೆ.

ಬೆಂಗಳೂರಿನಿಂದ ಹೊರಟು ಹೊಸಕೋಟೆಯನ್ನು ದಾಟಿ ಈಶಾನ್ಯಕ್ಕೆ ಸಾಗಿದರೆ ನಂದಗುಡಿ ಸಿಕ್ಕುತ್ತದೆ. ಈ ಹೋಬಳಿಯ ಊರಿಗೂ ಪುರಾಣಪ್ರಸಿದ್ಧರಾದ ನಂದರಿಗೂ ನಂಟು ಕಲ್ಪಿಸುವ ಐತಿಹ್ಯವೊಂದುಂಟು, ಬಿ. ಎಲ್. ರೈಸ್ ಅವರು ಅದನ್ನು ದಾಖಲಿಸಿದ್ದಾರೆ. ಅದರ ನಿಜಾನಿಜ ಹಾಗಿರಲಿ. ನಂದರಿಗಿಂತ ಅಳತೆಗೆ ಮೀರಿ ಹಳೆಯದಾದ ವಸ್ತು ಅಲ್ಲಿ ಕಾಲ ಕೆಳಗೇ ಇದೆ. ಬೆಂಗಳೂರಿನವರು ಲಾಲ್‌ಬಾಗಿನ ಗುಡ್ಡದ ಮೇಲೆ ಸಂಜೆ ಗಾಳಿ ಸೇವಿಸುತ್ತ ಕುಳಿತುಕೊಳ್ಳುವ ಬಂಡೆ ಯಾವುದೋ, ಈ ಸೀಮೆಯ ನೆಲದಡಿಯ ಬಂಡೆಯೂ ಅದೇ ಕುಲದ್ದು. ಸುಮಾರು 300 ಕೋಟಿ ವರ್ಷ ವಯಸ್ಸಿನ ನೈಸ್ ಶಿಲೆ, ಅದರ ಜೊತೆಗೆ ಗ್ರಾನೈಟು. ಮನೆಯ ಚಪ್ಪಡಿ, ಬೀಸುವ ಕಲ್ಲು, ಒರಳು, ಊರ ಮುಂದಿನ ವೀರಗಲ್ಲು, ದ್ರಾಕ್ಷಿಯ ತೋಟಗಳಲ್ಲಿ ಚಪ್ಪರ ಹೊತ್ತು ಸಾಲುಗಟ್ಟಿ ನಿಂತಿರುವ ಕಂಬಗಳು, ಎಲ್ಲವೂ ಈ ಕಲ್ಲಿನಿಂದ ಬಂದವು.

ಈ ಕಲ್ಲಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಎಣಿಸುವ ಒಂದು ಪಟ್ಟಿಯನ್ನು ಫ್ರೀಡ್ರಿಶ್ ಮೋಸ್ ಎಂಬ ವಿದ್ವಾಂಸನು 1812ರಲ್ಲಿ ಕಟ್ಟಿದನು. ಬಳಪದ ಕಲ್ಲಿನ ಮುಖ್ಯ ಖನಿಜಕ್ಕೆ ಅದರಲ್ಲಿ 1, ವಜ್ರಕ್ಕೆ 10. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಖನಿಜಕ್ಕೆ 6, ಬೆಣಚಿಗೆ 7. ಚೆನ್ನಾಗಿ ಹದಗೊಂಡ ಉಕ್ಕು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಎಂದರೆ, ಉಳಿಗಿಂತ ಗಡಸಾದ ಕಣಗಳು ಕಲ್ಲಿನೊಳಗೇ ಕುಳಿತಿವೆ. ಚಾಕು ಬದನೆಕಾಯಿಯನ್ನು ಹೆಚ್ಚುವಂತೆ ಉಳಿಯು ಈ ಕಲ್ಲನ್ನು ಕೊಯ್ಯುವುದು ಸಾಧ್ಯವೇ ಇಲ್ಲ. ಮೊನೆಯನ್ನಿಟ್ಟು ಕುಟ್ಟಬೇಕು, ಕಣಗಳು ನುರಿದು ಉದುರಬೇಕು. ನಮ್ಮ ಹಿರಿಯರು ಈ ಕೆಲಸದವನನ್ನು ಕಲ್ಲು ಕೊಯ್ಯುವವನೆನ್ನದೆ ಕಲ್ಕುಟಿಗನೆಂದು ಕರೆದರು. ಭಾಷೆಗೆ ಭೂವಿಜ್ಞಾನ ತಿಳಿದಿತ್ತೆಂದು ನಾನು ವಾದಿಸುವುದಿಲ್ಲ. ಕುಟ್ಟಿದವನ ಕೈಗೆ ತಿಳಿದಿತ್ತು, ಮಾತು ಅದರ ಹಿಂದೆ ಬಂತು.

ಈಗ ಬೇಲೂರನ್ನು ನೆನೆದುಕೊಳ್ಳಿ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯ ಆಭರಣದ ಒಂದೊಂದು ಮಣಿಯೂ ಬೇರೆಬೇರೆಯಾಗಿ ಎದ್ದು ನಿಂತಿದೆ. ಆ ಗುಡಿ ಬಳಪದ ಜಾತಿಯ ಮೆದು ಕಲ್ಲಿನದು. ಗಣಿಯಿಂದ ತೆಗೆದ ಹೊಸದರಲ್ಲಿ ಸುಲಭವಾಗಿ ಕೆತ್ತನೆಗೆ ಬಗ್ಗಿ, ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುವಂಥದು. ಅದಕ್ಕಿಂತ ಸುಮಾರು 135 ವರ್ಷ ಮೊದಲು ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟ ಗ್ರಾನೈಟಿನದು. ಅಲ್ಲಿ ಮಣಿಯಿಲ್ಲ, ಸರವಿಲ್ಲ. ವಿಶಾಲವಾದ ನುಣುಪು ಮೈ, ತೊಡೆಗೂ ತೋಳಿಗೂ ಹಬ್ಬಿದ ಒಂದು ಬಳ್ಳಿ. ಜೈನ ವೈರಾಗ್ಯ ಒಂದು, ಹೊಯ್ಸಳರ ವೈಭವಪ್ರೀತಿ ಮತ್ತೊಂದು ಎಂದು ನಾವು ವಿವರಿಸುತ್ತೇವೆ. ಆ ವಿವರಣೆ ಸುಳ್ಳಲ್ಲ. ಆದರೆ ಗೊಮ್ಮಟನ ಮೈಮೇಲೆ ಬೇಲೂರಿನ ಕುಸುರಿಯನ್ನು ತರಬೇಕೆಂದು ಯಾರಾದರೂ ಹಟ ಹಿಡಿದಿದ್ದರೆ, ಮೊದಲು ಬೇಡವೆನ್ನುತ್ತಿದ್ದುದು ಉಳಿ. ಹಂಪೆಯ ವಿಠಲಸ್ವಾಮಿಯ ಗುಡಿಯಲ್ಲಿ ಗ್ರಾನೈಟಿನ ಕಂಬಗಳನ್ನೇ ಸೂಕ್ಷ್ಮವಾಗಿ ಬಿಡಿಸಿದ್ದಾರಲ್ಲ ಎಂದು ಓದುಗರು ಆಕ್ಷೇಪಿಸಬಹುದು. ನಿಜವೇ; ಬೇಡವೆನ್ನುವ ಉಳಿಯನ್ನೂ ಒಪ್ಪಿಸಬಹುದು. ಅದರ ಬೆಲೆಯನ್ನು ಕುಲುಮೆಯಲ್ಲಿ ತೆರಬೇಕು.

ಬೆಲೆ ಎಷ್ಟೆಂಬುದನ್ನು ಕಲ್ಲುಗಣಿಯ ಪಕ್ಕದಲ್ಲಿ ಒಂದು ಬೆಳಗಿನ ಹೊತ್ತು ನಿಂತವರು ಬಲ್ಲರು. ಮೊನೆ ಮೊಂಡಾದ ಉಳಿಗಳ ಕಟ್ಟು ಕುಲುಮೆಗೆ ಬರುತ್ತದೆ. ಕಮ್ಮಾರನು ಮೊನೆಯನ್ನು ಕೆಂಪಗೆ ಕಾಯಿಸಿ, ತಟ್ಟಿ ಚೂಪು ಮಾಡಿ, ತುದಿಯನ್ನು ಮಾತ್ರ ನೀರಿಗೆ ಮುಟ್ಟಿಸಿ ಎತ್ತುತ್ತಾನೆ. ಒಡಲಿನಲ್ಲಿ ಉಳಿದ ಕಾವು ಮೆಲ್ಲಗೆ ತುದಿಗೆ ಇಳಿಯುತ್ತದೆ. ಉಜ್ಜಿದ ಮೈಮೇಲೆ ಹುಲ್ಲಿನ ಹಳದಿ, ಆಮೇಲೆ ನೇರಿಳೆ, ಆಮೇಲೆ ನೀಲಿ ಹರಿಯುತ್ತವೆ. ಯಾವ ಬಣ್ಣಕ್ಕೆ ಮತ್ತೆ ನೀರಿಗೆ ಅದ್ದಬೇಕೆಂಬುದೇ ವಿದ್ಯೆ. ಬೇಗ ಅದ್ದಿದರೆ ಮೊನೆ ಗಾಜಿನಂತೆ ಮುರಿಯುತ್ತದೆ, ತಡೆದರೆ ಮೇಣದಂತೆ ಮಡಿಯುತ್ತದೆ. ಇದಕ್ಕೇ ಹದವೆಂದು ಹೆಸರು. ಅಡುಗೆಗೂ ಉಳುಮೆಯ ಮಣ್ಣಿಗೂ ಪದ್ಯಕ್ಕೂ ನಾವು ಬಳಸುವ ಮಾತು ಇದೇ.

ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನು, ಅವನ ಮಗ ಚಾವಣನು ಹೆಸರು ಬರೆದುಕೊಂಡರು. ಮಲ್ಲಿತಮ್ಮನ ಹೆಸರು ಎಷ್ಟೋ ಗುಡಿಗಳಲ್ಲಿ ಕಾಣುತ್ತದೆ. ಹೊಸಕೋಟೆ ತಾಲ್ಲೂಕೂ ಸೇರಿದಂತೆ ಬೆಂಗಳೂರು ಜಿಲ್ಲೆಯ ಶಾಸನಗಳು 1905ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚಾದುವು. ಶಾಸನವನ್ನು ಬರೆದವನು, ಕಂಡರಿಸಿದವನು ಎಂದು ಇಬ್ಬರನ್ನು ಬೇರೆಬೇರೆಯಾಗಿ ಹೆಸರಿಸುವಷ್ಟು ನಮ್ಮ ಶಾಸನಗಳು ಉದಾರವಾಗಿವೆ. ಕಂಡರಿಸಿದವನ ಉಳಿಗೆ ಹದ ಹಾಕಿದವನ ಹೆಸರು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಉಳಿಯನ್ನು ಉಳಿಸುವ ಇನ್ನೊಂದು ಉಪಾಯವೂ ನಮ್ಮವರಿಗೆ ತಿಳಿದಿತ್ತು. ಬೆಂಗಳೂರಿನ ಸುತ್ತಿನ ಗಣಿಗಳಲ್ಲಿ ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೊತ್ತಿಸಿ, ಆ ಸಾಲನ್ನು ನಿಧಾನವಾಗಿ ಮುಂದೆ ಸರಿಸುತ್ತ, ಸುತ್ತಿಗೆಯ ಸದ್ದಿನಿಂದಲೇ ಪದರ ಬಿಟ್ಟುಕೊಂಡಿತೋ ಇಲ್ಲವೋ ಎಂದು ಅರಿಯುತ್ತಿದ್ದರು. ಸುಮಾರು ಅರ್ಧ ಅಡಿ ದಪ್ಪದ ಭಾರಿ ಹಾಸು ಹೀಗೆ ಎದ್ದುಬರುತ್ತಿತ್ತು. ಎಚ್. ವಾರ್ತ್ ಎಂಬವರು ಇದನ್ನು ಕಂಡು 1895ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು.

ಉಳಿಯ ಉಕ್ಕಾದರೂ ಎಲ್ಲಿಂದ ಬಂತು? ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವ ಒಲೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿಯ ಕಟ್ಟಿಗೆಯೊಡನೆ, ಹಸಿರೆಲೆಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುತ್ತಿತ್ತು. ಈ ಉಕ್ಕು ಕತ್ತಿಯ ಅಲಗಿಗೂ ಕಲ್ಕುಟಿಗರ ಉಳಿಗೂ ಹೋಗುತ್ತಿತ್ತೆಂದು ಅವನು ಹೇಳುತ್ತಾನೆ. ಚನ್ನಪಟ್ಟಣದ ಉಕ್ಕಿನ ತಂತಿ ವೀಣೆಗಳಿಗೆ ಬೇಕಾಗಿ ದೂರದ ಸೀಮೆಗಳವರೆಗೂ ಹೋಗುತ್ತಿತ್ತು. ಕತ್ತಿಯ ಕೀರ್ತಿಯನ್ನು ಎಲ್ಲರೂ ಹಾಡಿದ್ದಾರೆ. ಆದರೆ ಕತ್ತಿ ವರ್ಷಕ್ಕೊಂದು ದಿನ ಒರೆಯಿಂದ ಹೊರಬಂದರೆ ಹೆಚ್ಚು. ಆ ಉಕ್ಕಿಗೆ ದಿನದಿನವೂ ಪರೀಕ್ಷೆಯಾದುದು ಕಲ್ಲಿನ ಮೇಲೆ.

ಇಂಥ ಹಿಂದೂಸ್ಥಾನದ ಉಕ್ಕನ್ನು ಇಂಗ್ಲೆಂಡಿನಲ್ಲಿ ‘ವೂಟ್ಸ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶವೆಂದು ವಿದ್ವಾಂಸರಲ್ಲಿ ಹಲವರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಅದರ ಪರೀಕ್ಷೆಯ ವರದಿಯನ್ನು ಓದಿದನು. 1820ರ ಸುಮಾರಿಗೆ ಮೈಕೆಲ್ ಫ್ಯಾರಡೆಯೂ ಸ್ಟೋಡಾರ್ಟ್ ಎಂಬ ಕತ್ತರಿ-ಚಾಕುಗಳ ತಯಾರಕನೂ ಅದರ ಗುಟ್ಟನ್ನು ಹುಡುಕುತ್ತ ಉಕ್ಕಿಗೆ ಬೇರೆಬೇರೆ ಲೋಹಗಳನ್ನು ಬೆರೆಸಿ ನೋಡಿದರು. ಗುಟ್ಟು ಸಿಕ್ಕಲಿಲ್ಲ, ದಾರಿ ಸಿಕ್ಕಿತು. 1868ರಲ್ಲಿ ಮುಷೆಟ್ ಟಂಗ್‌ಸ್ಟನ್ ಬೆರೆತ ಉಕ್ಕನ್ನು ಕೊಟ್ಟನು. ಅಮೆರಿಕದ ಎಫ್. ಡಬ್ಲ್ಯು. ಟೇಲರ್ 26 ವರ್ಷಕಾಲ 8 ಲಕ್ಷ ಪೌಂಡು ಕಬ್ಬಿಣ-ಉಕ್ಕನ್ನು ಲೇತಿನಲ್ಲಿ ಸುರುಳಿ ಮಾಡಿ, ಉಪಕರಣದ ಬಾಯಿ ಏಕೆ ಹೋಗುತ್ತದೆಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಿ, 1906ರಲ್ಲಿ ಅದನ್ನು ಲೋಕದ ಮುಂದಿಟ್ಟನು. ಅವನ ಲೆಕ್ಕದಲ್ಲಿ ವೇಗವನ್ನು ಐದರಲ್ಲೊಂದು ಪಾಲು ಹೆಚ್ಚಿಸಿದರೆ ಉಕ್ಕಿನ ಬಾಯಿಯ ಆಯುಸ್ಸು ನಾಲ್ಕರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ. ಅವಸರದ ಶಿಷ್ಯನಿಗೆ ಕಮ್ಮಾರನು ಬೈಗುಳದಲ್ಲಿ ಹೇಳಿರಬಹುದಾದುದನ್ನು ಟೇಲರ್ ಸಮೀಕರಣದಲ್ಲಿ ಹೇಳಿದನು. 1926ರ ವೇಳೆಗೆ ಜರ್ಮನಿಯ ಕ್ರುಪ್ ಕಾರ್ಖಾನೆ ಟಂಗ್‌ಸ್ಟನ್ ಕಾರ್ಬೈಡನ್ನು ‘ವಜ್ರದಂತೆ’ ಎಂಬರ್ಥದ ಹೆಸರಿಟ್ಟು ಮಾರುಕಟ್ಟೆಗೆ ತಂದಿತು.

ಈ ಕಾರ್ಬೈಡ್ ಬೆಂಗಳೂರಿನ ಸೀಮೆಗೆ ಎರಡು ದಾರಿಗಳಲ್ಲಿ ಬಂದಿದೆ. ಕಲ್ಲುಗಣಿಯಲ್ಲಿ ಕಂಪ್ರೆಸರಿನ ಗಾಳಿಯಿಂದ ಓಡುವ ಡ್ರಿಲ್ಲಿನ ತುದಿಯಲ್ಲಿ ಅದೇ ಇದೆ. 1940ರಲ್ಲಿ ವಿಮಾನ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1962ರಲ್ಲಿ ಯಂತ್ರೋಪಕರಣಗಳ ಸಂಶೋಧನ ಸಂಸ್ಥೆ, ಹೀಗೆ ಬೆಳೆದುಬಂದ ನಗರದ ವರ್ಕ್‌ಶಾಪುಗಳಲ್ಲಿಯೂ ಅದೇ ಇದೆ. ಅಲ್ಲಿ ಅದಕ್ಕೆ ಎದುರಾಗಿರುವ ಹೊಸ ಬಂಡೆಗಳಲ್ಲೊಂದು ಟೈಟಾನಿಯಂ. 1791ರಲ್ಲಿ ಗ್ರೆಗರ್ ಕಂಡುಹಿಡಿದು, 1795ರಲ್ಲಿ ಕ್ಲಾಪ್ರೋತ್ ಗ್ರೀಕ್ ಪುರಾಣದ ದೈತ್ಯರ ಹೆಸರಿಟ್ಟ ಲೋಹ ಇದು. ಉಕ್ಕಿಗಿಂತ ನೂರಕ್ಕೆ ನಾಲ್ವತ್ತರಷ್ಟು ಹಗುರ, ತುಕ್ಕು ಹಿಡಿಯದು, ವಿಮಾನಕ್ಕೆ ಹೇಳಿಮಾಡಿಸಿದ್ದು. ಉಪಕರಣಕ್ಕೆ ಮಾತ್ರ ಶತ್ರು.

ವಿಚಿತ್ರವೆಂದರೆ ಟೈಟಾನಿಯಂ ಬೆಣಚಿನಂತೆ ಗಡಸಲ್ಲ. ಕಾರ್ಬೈಡಿನ ಮುಂದೆ ಅದು ಮೆದುವೇ. ಅದರ ಹಟ ಬೇರೆ ಬಗೆಯದು. ಕೊರೆಯುವಾಗ ಹುಟ್ಟುವ ಕಾವನ್ನು ಮಾಮೂಲಿ ಉಕ್ಕು ತನ್ನ ಒಡಲಿಗೂ ಸುರುಳಿಗೂ ಹಂಚಿಕೊಂಡುಬಿಡುತ್ತದೆ; ವಿಮಾನಕ್ಕೆ ಬಳಸುವ ಟೈಟಾನಿಯಂ ಮಿಶ್ರಲೋಹವು ಕಾವನ್ನು ಸಾಗಿಸುವುದು ಅದರ ಏಳರಲ್ಲೊಂದು ಪಾಲಿನಷ್ಟು ಮಾತ್ರ. ಉಳಿದ ಕಾವೆಲ್ಲ ಉಪಕರಣದ ಅಂಚಿನಲ್ಲೇ ನಿಲ್ಲುತ್ತದೆ. ಕಾದ ಅಂಚಿಗೆ ಲೋಹ ಅಂಟಿಕೊಳ್ಳುತ್ತದೆ, ಕಿತ್ತು ಹೋಗುವಾಗ ಕಾರ್ಬೈಡಿನ ಕಣವನ್ನೂ ಕಿತ್ತುಕೊಂಡು ಹೋಗುತ್ತದೆ. ಒತ್ತಿದರೆ ಸ್ಪ್ರಿಂಗಿನಂತೆ ಹಿಂದೆ ಸರಿದು, ಮತ್ತೆ ಬಂದು ಉಜ್ಜುತ್ತದೆ. ಆದ್ದರಿಂದ ನಿಮಿಷಕ್ಕೆ 60 ಮೀಟರಿನ ಆಸುಪಾಸಿನ ವೇಗ, ಧಾರಾಳವಾದ ತಂಪು ನೀರು, ಹರಿತವಾದ ಅಂಚು. ಒಮ್ಮೆ ತಾಕಿಸಿದ ಮೇಲೆ ನಿಂತಲ್ಲೇ ಉಜ್ಜಲು ಬಿಡದೆ ಮುಂದೆ ಸಾಗುತ್ತಿರಬೇಕು. ಅಂಚಿನ ಸವೆತ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲಾದರೆ ಅದರ ಆಯುಸ್ಸು ತೀರಿತೆಂದು ಲೆಕ್ಕ. ಅರ್ಧ ಗಂಟೆಯೊಳಗೆ ಹಾಗಾಗುವುದು ಅಪರೂಪವಲ್ಲ.

ಬೆಣಚು ತಿಕ್ಕಿ ತಿನ್ನುತ್ತದೆ, ಟೈಟಾನಿಯಂ ಸುಟ್ಟು ತಿನ್ನುತ್ತದೆ. ಬೆಣಚಿನ ಹಸಿವು ಉಳಿಯಲ್ಲಿಗೇ ನಿಲ್ಲುವುದೂ ಇಲ್ಲ. ನುರಿದ ಕಣದ ಧೂಳು ಕುಟ್ಟುವವನ ಎದೆಯೊಳಗೆ ಇಳಿದು ಶ್ವಾಸಕೋಶವನ್ನು ಗಟ್ಟಿಮಾಡುತ್ತದೆ. ಸಿಲಿಕೋಸಿಸ್ ಎಂದು ವೈದ್ಯರು ಹೇಳುವ ಈ ರೋಗಕ್ಕೆ ಗುಣಪಡಿಸುವ ಔಷಧವಿಲ್ಲ. 1951ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿ 1956ರಲ್ಲಿ ಮುಗಿದ ವಿಧಾನಸೌಧಕ್ಕೆ 1,500ಕ್ಕೂ ಮಿಕ್ಕ ಕಲ್ಕುಟಿಗರೂ ಇತರ ಕುಶಲಿಗಳೂ, ಬಹುಮಟ್ಟಿಗೆ ಕೈದಿಗಳೇ ಆದ 5,000 ಕೂಲಿಗಳೂ ದುಡಿದರೆಂದು ಲೆಕ್ಕವಿದೆ. ಕಲ್ಲೆಷ್ಟು, ಖರ್ಚೆಷ್ಟು ಎಂಬುದಕ್ಕೂ ಲೆಕ್ಕ ಸಿಗುತ್ತದೆ. ಡ್ರಿಲ್ಲು ಬಂದ ಮೇಲೆ ಧೂಳು ಕೈಯುಳಿಯ ಕಾಲಕ್ಕಿಂತ ಹೆಚ್ಚೇ ಆಯಿತು. ನೀರು ಹಾಯಿಸಿ ಕೊರೆದರೆ ಅದು ಬಹಳ ತಗ್ಗುತ್ತದೆ. ಟೈಟಾನಿಯಂ ಕೊರೆಯುವಾಗ ಉಪಕರಣದ ಬಾಯಿಗೆ ನೀರು ಬಿಡುವುದನ್ನು ಯಾರೂ ಮರೆಯುವುದಿಲ್ಲ.

ವರ್ಕ್‌ಶಾಪಿನಲ್ಲಿ ಸವೆದ ಕಾರ್ಬೈಡ್ ತುಂಡಿಗೆ ಕುಲುಮೆಯಿಲ್ಲ. ಒಂದು ಮೂಲೆ ಹೋದರೆ ತಿರುಗಿಸಿ ಇನ್ನೊಂದು ಮೂಲೆಯನ್ನು ಹೂಡುತ್ತಾರೆ. ಎಲ್ಲ ಮೂಲೆಗಳೂ ತೀರಿದ ಮೇಲೆ ಡಬ್ಬಿಗೆ ಹಾಕಿ ತೂಕದ ಮೇಲೆ ಮಾರುತ್ತಾರೆ, ಕೊಂಡವರು ಅದರಿಂದ ಟಂಗ್‌ಸ್ಟನ್ನನ್ನು ಮರಳಿ ತೆಗೆಯುತ್ತಾರೆ. ಕಲ್ಕುಟಿಗನ ಉಳಿ ಹಾಗಲ್ಲ. ಪ್ರತಿ ಸಲ ತಟ್ಟಿಸಿಕೊಂಡಾಗಲೂ ಅದು ಕೂದಲೆಳೆಯಷ್ಟು ಗಿಡ್ಡಾಗುತ್ತ ಹೋಗುತ್ತದೆ. ಗೇಣುದ್ದದ್ದು ಬೆರಳುದ್ದವಾಗಿ, ಇನ್ನು ಹಿಡಿಗೆ ಸಿಕ್ಕದು ಎನ್ನುವಾಗ ಅದನ್ನು ಬೆಣೆ ಮಾಡಿಕೊಳ್ಳುವುದುಂಟು. ಬಂಡೆಯ ಮೇಲೆ ಸಾಲಾಗಿ ಕೊರೆದ ಕುಳಿಗಳಲ್ಲಿ ಒಂದಕ್ಕೆ ಅದನ್ನು ಇಳಿಸಿ, ಮೇಲಿಂದ ಸುತ್ತಿಗೆಯಲ್ಲಿ ಹೊಡೆಯುತ್ತಾರೆ.