ಕೆಳದನಿಯ ಕಥೆ: ಹೊಳೆನರಸೀಪುರದಿಂದ ನರ್ಮದೆಯ ದಡಕ್ಕೆ



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಮ್ಮ ರಾತ್ರಿ ಕಾರ್ಯಕ್ರಮದಲ್ಲಿ ಹೊರನಾಡ ಕನ್ನಡಿಗರ ಬಗ್ಗೆ ಮಾತಾಡುತ್ತಿದ್ದಾಗ, ದೆಹಲಿಯ ‘ಇಂಡಿಯನ್ ಓಷನ್’ ತಂಡದ ‘ಮಾ ರೇವಾ’ ಹಾಡು ಹಾಕಿದ್ದೆ. ಹಾಡು ಉದ್ದ. ಎದುರಿಗಿನ ಗಡಿಯಾರ ಓಡುತ್ತಿತ್ತು, ಜಾಹೀರಾತು ಸರದಿಯಲ್ಲಿ ಕಾಯುತ್ತಿತ್ತು. ಹಾಡಿನ ಮಾತು ಮುಗಿಯಿತು ಅನ್ನಿಸಿದ ಕೂಡಲೇ ಫೇಡರ್ ಕೆಳಗೆಳೆದು ನನ್ನ ಮಾತು ಶುರು ಮಾಡಿದೆ. ಮರುದಿನ ಫೋನ್ ಬಂತು.

“ಸರ್, ನೀವು ನಿನ್ನೆ ಹಾಡು ನಿಲ್ಲಿಸಲಿಲ್ಲ. ಬೇಸ್ ಗಿಟಾರಿನ ಕತ್ತು ಹಿಸುಕಿದಿರಿ.”

ಹುಡುಗ ಕೋಪದಲ್ಲಿದ್ದ, ಆದರೆ ಕನ್ನಡ ಚೆನ್ನಾಗಿತ್ತು. ಮನೆ ನಾಸಿಕ್. ತಂದೆ ಬೆಂಗಳೂರಿನಿಂದ ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ ವರ್ಗವಾಗಿ ಹೋದವರು. 1960ರ ದಶಕದಲ್ಲಿ ಮಿಗ್ ವಿಮಾನಗಳಿಗಾಗಿ ಶುರುವಾದ ಕಾರ್ಖಾನೆ ಅದು. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮರಾಠಿ. ಇಂಜಿನಿಯರಿಂಗ್ ಓದಿದ್ದು ಔರಂಗಾಬಾದಿನಲ್ಲಿ, ಅಂದರೆ 2023ರಿಂದ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾದ ಊರಿನಲ್ಲಿ. ಅಲ್ಲಿ ನಾಲ್ವರು ಗೆಳೆಯರು ಸೇರಿ ಬ್ಯಾಂಡ್ ಕಟ್ಟಿದರಂತೆ. ಒಬ್ಬ ಹಾಡುವವನು, ಒಬ್ಬ ಗಿಟಾರ್, ಒಬ್ಬ ಡ್ರಮ್ಸ್. “ಯಾರಿಗೂ ಬೇಡವಾಗಿ ಉಳಿದದ್ದು ಬೇಸ್, ಅದು ನನ್ನ ಪಾಲಿಗೆ ಬಂತು” ಎಂದ. ಬೇಡದೇ ಬಂದ ಆ ವಾದ್ಯದ ಮೇಲೆ ಪ್ರೀತಿ ಹುಟ್ಟಿಸಿದ್ದು ಯಾರು ಎಂದು ಕೇಳಿದೆ. “ರಾಹುಲ್ ರಾಮ್” ಎಂದ.

ಆ ಫೋನಿನ ಎಳೆ ಹಿಡಿದು ಹೊರಟಾಗ ಸಿಕ್ಕ ಕಥೆ ಇದು.

ಕೇಳದ ತಂತಿ

ನಾನು ಕನ್ನಡ ಬಿ.ಎ. ಓದಿದವನು. ಲಘು ಗುರು ಹಾಕಿ ಷಟ್ಪದಿಯ ಮಾತ್ರೆ ಎಣಿಸಲು ಬರುತ್ತದೆ, ಬೇಸ್ ಗಿಟಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಈಗ ಅನ್ನಿಸುತ್ತದೆ, ಎರಡೂ ಅಷ್ಟು ದೂರದವಲ್ಲ. ಒಳ್ಳೆಯ ಪದ್ಯ ಓದುವಾಗ ಛಂದಸ್ಸು ಎದ್ದು ಕಾಣುವುದಿಲ್ಲ. ಒಂದು ಮಾತ್ರೆ ತಪ್ಪಿದರೆ ಮಾತ್ರ ನಾಲಗೆ ಎಡವುತ್ತದೆ. ಹಾಡಿನಲ್ಲಿ ಬೇಸ್ ಮಾಡುವ ಕೆಲಸವೂ ಹೀಗೆಯೇ. ಇದ್ದಾಗ ಯಾರೂ ಕೇಳುವುದಿಲ್ಲ, ತೆಗೆದರೆ ಹಾಡು ಕಾಲು ಕಳೆದುಕೊಳ್ಳುತ್ತದೆ.

ವಾದ್ಯವೇನೂ ಹಳೆಯದಲ್ಲ. ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಹೊತ್ತೊಯ್ಯುವುದು ಕಷ್ಟ, ಡ್ರಮ್ಸ್ ಮತ್ತು ಹಿತ್ತಾಳೆ ವಾದ್ಯಗಳ ಸದ್ದಿನ ನಡುವೆ ಕೇಳಿಸುವುದು ಇನ್ನೂ ಕಷ್ಟ. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬಾತ ಗಿಟಾರಿನಂತೆ ಹೆಗಲಿಗೆ ಹಾಕಿಕೊಂಡು ನುಡಿಸುವ ವಿದ್ಯುತ್ ಬೇಸ್ ಮಾರುಕಟ್ಟೆಗೆ ತಂದ. ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಸಿಗುತ್ತಿತ್ತು, ಹೆಸರೂ ಅದಕ್ಕೆ ತಕ್ಕಂತೆ ‘ಪ್ರಿಸಿಷನ್ ಬೇಸ್’. ನಾಲ್ಕು ತಂತಿ, ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ. ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ.

ಇಲ್ಲಿ ನಮ್ಮ ರೇಡಿಯೋ ಮಂದಿಯ ಪಾಲೂ ಇದೆ. ಅಂಗೈಯಗಲದ ಟ್ರಾನ್ಸಿಸ್ಟರ್ ಸ್ಪೀಕರಿಗೆ 41 ಕಂಪನದ ಸ್ವರ ಹೊರಡಿಸುವ ತಾಕತ್ತಿಲ್ಲ. ಅದರ ಮೇಲಿನ ಉಪಸ್ವರಗಳಷ್ಟೇ ಕಿವಿಗೆ ಬೀಳುತ್ತವೆ, ತಳದ ಸ್ವರವನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಅಡುಗೆಮನೆಯ ಕಿಟಕಿಯಲ್ಲಿಟ್ಟ ರೇಡಿಯೋದಲ್ಲಿ ಹಾಡು ಕೇಳುತ್ತ ಬೆಳೆದ ನಮ್ಮಂಥವರಿಗೆ ಬೇಸ್ ಎಂದರೆ ಹೀಗೆ ಊಹೆಯಲ್ಲಷ್ಟೇ ಇದ್ದ ದನಿ. ಆ ಹುಡುಗ ಹಾಸ್ಟೆಲಿನಲ್ಲಿ ಗೆಳೆಯನ ದೊಡ್ಡ ಇಯರ್‌ಫೋನ್ ಹಾಕಿಕೊಂಡು ‘ಕಂದೀಸಾ’ ಆಲ್ಬಂ ಕೇಳಿದಾಗ ಮೊದಲ ಸಲ ತಳದ ದನಿ ಸಿಕ್ಕಿತಂತೆ. “ಮನೆಯ ಕೆಳಗೆ ಇನ್ನೊಂದು ಕೋಣೆ ಇತ್ತು ಅಂತ ಗೊತ್ತಾದ ಹಾಗೆ” ಎಂದ.

ಯಾರಿಗೂ ಬೇಡವಾದ ವಾದ್ಯ ಎಂದು ಕೊರಗುವವರಿಗೆ ಒಂದು ಸಮಾಧಾನವಿದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಮೊದಲು ಗಿಟಾರ್ ನುಡಿಸುತ್ತಿದ್ದವರು. 1961ರಲ್ಲಿ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಬಿಟ್ಟು ಹೋದಾಗ ಉಳಿದವರಿಗೆ ಆ ಜಾಗ ಬೇಕಿರಲಿಲ್ಲ. ಅದನ್ನು ತುಂಬಿದ ಮೆಕಾರ್ಟ್ನಿ ಆಮೇಲೆ ಬೇಸ್ ನುಡಿಸುವ ಬಗೆಯನ್ನೇ ಬದಲಿಸಿದರು.

ಹೊಳೆನರಸೀಪುರದ ಮನೆತನ

ಈಗ ರಾಹುಲ್ ರಾಮ್ ಕಡೆಗೆ ಬರೋಣ. ಹುಟ್ಟಿದ್ದು 1963ರಲ್ಲಿ, ಬೆಳೆದದ್ದು ದೆಹಲಿಯಲ್ಲಿ. ಆದರೆ ಬೇರು ಹೇಮಾವತಿಯ ದಡದ ಹೊಳೆನರಸೀಪುರದಲ್ಲಿದೆ. ಅಜ್ಜ ಹೊಳೆನರಸೀಪುರದ ಯೋಗಾನರಸಿಂಹಂ, ಕರ್ನಾಟಕ ಸಂಗೀತದ ವಾಗ್ಗೇಯಕಾರರು. ದೊಡ್ಡಪ್ಪ ಎಚ್.ವೈ. ಶಾರದಾಪ್ರಸಾದ್, ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದವರು. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇಂಗ್ಲಿಷಿಗೆ ಹೋದದ್ದು ಅವರ ಕೈಯಿಂದಲೇ. ತಂದೆ ಎಚ್.ವೈ. ಮೋಹನ್ ರಾಮ್, 1930ರಲ್ಲಿ ಮೈಸೂರಿನಲ್ಲಿ ಹುಟ್ಟಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಹೆಸರಾಂತ ಸಸ್ಯವಿಜ್ಞಾನಿ. 2018ರಲ್ಲಿ ತೀರಿಕೊಂಡರು. ಅವರು ಅಧ್ಯಯನ ಮಾಡಿದ ಸಸ್ಯಗಳಲ್ಲಿ ಒಂದು ವಿಚಿತ್ರ ಕುಟುಂಬವಿದೆ: ರಭಸದ ಹೊಳೆಗಳಲ್ಲಿ, ನೀರಿನೊಳಗಿನ ಬಂಡೆಗೆ ಅಂಟಿಕೊಂಡು ಬದುಕುವ ಪೋಡೋಸ್ಟೆಮೇಸಿ. ಹರಿವ ನೀರಿನಲ್ಲಿ ತಳ ಬಿಡದ ಗಿಡ. ಮಗ ಮುಂದೆ ಹಿಡಿದ ವಾದ್ಯ ನೆನೆದರೆ ನನಗಂತೂ ನಗು ಬಂತು, ಖುಷಿಯೂ ಆಯಿತು.

ಮಗನೂ ಮೊದಲು ವಿಜ್ಞಾನದ ದಾರಿಯಲ್ಲೇ ನಡೆದರು. ಐಐಟಿ ಕಾನ್ಪುರದಲ್ಲಿ ರಸಾಯನಶಾಸ್ತ್ರ, ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಷಶಾಸ್ತ್ರದಲ್ಲಿ ಡಾಕ್ಟರೇಟ್. 1990ರಲ್ಲಿ ಊರಿಗೆ ಮರಳಿದರು. ಅಂಥ ಪದವಿ ಕೈಯಲ್ಲಿದ್ದವರಿಗೆ ಎಲ್ಲೆಲ್ಲಿ ಕೆಲಸ ಸಿಗುತ್ತಿತ್ತೋ, ನೀವೇ ಊಹಿಸಿ. ಅವರು ಹೋದದ್ದು ನರ್ಮದಾ ಕಣಿವೆಗೆ.

ಕಣಿವೆಯಿಂದ ಬಂದ ಹಾಡು

ಗುಜರಾತಿನ ಸರ್ದಾರ್ ಸರೋವರ ಅಣೆಕಟ್ಟಿನ ಹಿನ್ನೀರು ಮೂರು ರಾಜ್ಯಗಳ ಹಳ್ಳಿಗಳನ್ನು ತಟ್ಟಿತು. ಮಹಾರಾಷ್ಟ್ರದಲ್ಲಿ ಅಂಥ ಹಳ್ಳಿಗಳು 33. ಅಕ್ಕಲಕುವಾ ಮತ್ತು ಅಕ್ರಾಣಿ ತಾಲ್ಲೂಕುಗಳ ಆದಿವಾಸಿ ಊರುಗಳು. ಆಗ ಅವು ಧುಳೆ ಜಿಲ್ಲೆಯಲ್ಲಿದ್ದವು, 1998ರಲ್ಲಿ ಹೊಸದಾಗಿ ರಚನೆಯಾದ ನಂದುರಬಾರ್ ಜಿಲ್ಲೆಗೆ ಸೇರಿದವು. ಎರಡು ಜಿಲ್ಲೆಗಳೂ ನಾಸಿಕ್ ಕಂದಾಯ ವಿಭಾಗದ್ದೇ. ಮಹಾರಾಷ್ಟ್ರದ ಕಡೆ ಮೊದಲು ಮುಳುಗಿದ ಊರು ಮಣಿಬೇಲಿ. ದೂರದ ಒಣ ಜಿಲ್ಲೆಗಳಿಗೆ ಕುಡಿಯುವ ನೀರು ಕೊಡುವ ಯೋಜನೆ ಎಂದು ಒಂದು ಕಡೆಯವರು ಹೇಳಿದರು. ಮುಳುಗುವವರ ಗದ್ದೆ, ಮನೆ, ದೇವರಿಗೆ ಲೆಕ್ಕ ಕೊಡುವವರು ಯಾರು ಎಂದು ಇನ್ನೊಂದು ಕಡೆಯವರು ಕೇಳಿದರು. ಮೇಧಾ ಪಾಟ್ಕರ್ ಮುಂದಾಳುತನದ ನರ್ಮದಾ ಬಚಾವೋ ಆಂದೋಲನದಲ್ಲಿ ರಾಹುಲ್ ರಾಮ್ 1990ರಿಂದ 1995ರವರೆಗೆ ದುಡಿದರು.

ಇದೇ ಹೊತ್ತಿಗೆ ಇನ್ನೊಂದು ಕಥೆಯೂ ನಡೆದಿತ್ತು. ಗಿಟಾರಿನ ಸುಸ್ಮಿತ್ ಸೇನ್, ತಬಲಾ ಮತ್ತು ಹಾಡಿನ ಅಸೀಮ್ ಚಕ್ರವರ್ತಿ ದೆಹಲಿಯಲ್ಲಿ ‘ಇಂಡಿಯನ್ ಓಷನ್’ ಕಟ್ಟಿದ್ದರು. 1991ರಲ್ಲಿ ರಾಹುಲ್ ಸೇರಿದರು. ಒಂದು ಕಾಲು ಕಣಿವೆಯಲ್ಲಿ, ಒಂದು ಕಾಲು ತಾಲೀಮಿನ ಕೋಣೆಯಲ್ಲಿ. 1993ರಲ್ಲಿ ಮೊದಲ ಆಲ್ಬಂ ಬಂತು, 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಮ್ ಬಂದರು. ಕಣಿವೆಯ ಜನರ ಬಾಯಲ್ಲಿ ರಾಹುಲ್ ಕೇಳಿದ ನರ್ಮದೆಯ ಹಾಡು ತಂಡಕ್ಕೂ ಬಂತು. ರೇವಾ ಎಂದರೆ ನರ್ಮದೆಯ ಇನ್ನೊಂದು ಹೆಸರು. ‘ಮಾ ರೇವಾ’ 2000ದಲ್ಲಿ ‘ಕಂದೀಸಾ’ ಆಲ್ಬಮಿನಲ್ಲಿ ದೇಶದ ಕಾಲೇಜು ಹಾಸ್ಟೆಲುಗಳನ್ನೆಲ್ಲ ಮುಟ್ಟಿತು.

ಅದೇ 2000ದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟು ಮುಂದುವರಿಸಲು ಒಪ್ಪಿಗೆ ಕೊಟ್ಟಿತು. 2017ರಲ್ಲಿ ಪೂರ್ಣ ಎತ್ತರದ ಅಣೆಕಟ್ಟಿನ ಉದ್ಘಾಟನೆಯಾಯಿತು. ಹಾಡು ಅಣೆಕಟ್ಟನ್ನು ನಿಲ್ಲಿಸಲಿಲ್ಲ, ಹಾಡುಗಳಿಂದ ಅಂಥ ಕೆಲಸ ಆಗುವುದೂ ಅಪರೂಪ. ಆದರೆ ಮುಳುಗಿದ ಕಣಿವೆಯ ಒಂದು ದನಿ ನೀರಿನ ಮೇಲೆ ಉಳಿಯಿತು.

ನಾಸಿಕ್ ಹುಡುಗ ಮೂರು ವರ್ಷ ಈ ಹಾಡು ನುಡಿಸಿದ್ದನಂತೆ. ಅದು ತನ್ನದೇ ವಿಭಾಗದ ಹಳ್ಳಿಗಳಿಗೆ ಸಂಬಂಧಪಟ್ಟದ್ದು ಎಂದು ಗೊತ್ತೇ ಇರಲಿಲ್ಲ. ನಂದುರಬಾರಿನಿಂದ ಬಂದ ಹಾಸ್ಟೆಲಿನ ಒಬ್ಬ ಹುಡುಗ ತಾಲೀಮಿನ ದಿನ ಬಾಗಿಲಲ್ಲಿ ನಿಂತು ಕೇಳಿ, “ಇದು ನಮ್ಮ ಕಡೆಯ ನದಿ” ಎಂದಷ್ಟೇ ಹೇಳಿ ಹೋದನಂತೆ. “ಅವತ್ತಿನಿಂದ ಆ ಹಾಡನ್ನು ಜೋರಾಗಿ ನುಡಿಸೋಕೆ ಕೈ ಬರಲಿಲ್ಲ ಸರ್” ಎಂದ. ನಾನು ಅವತ್ತು ಫೇಡರ್ ಎಳೆದದ್ದು ಅವನಿಗೆ ಯಾಕೆ ಅಷ್ಟು ನೋವಾಯಿತು ಎಂಬುದು ನನಗೆ ಆಗ ತಿಳಿಯಿತು.

ಹವ್ಯಾಸಿಗಳು ಕಲಿತದ್ದು

ಈ ಬೇಸಿನಲ್ಲಿ ಹೊಸಬರು ಕಲಿಯುವಂಥದ್ದು ಏನಿದೆ? ಅವನು ಹೇಳಿದ್ದನ್ನೂ, ನಾನು ರಾತ್ರಿ ಕೂತು ಕೇಳಿ ಕಂಡುಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲನೆಯದು ಜಾಗ ಬಿಡುವುದು. ತಬಲಾದ ಎಡಗೈ, ಅಂದರೆ ಡಗ್ಗದ ಗುಂಕಾರ ಇರುವುದೂ ಕೆಳದನಿಯ ಸೀಮೆಯಲ್ಲೇ. ಬೇಸ್ ಸುಮ್ಮನೆ ಸ್ವರ ಸುರಿದರೆ ಎರಡೂ ಕಲಸಿ ಗಂಜಿಯಾಗುತ್ತದೆ. ಡಗ್ಗ ಮಾತಾಡುವಾಗ ಬೇಸ್ ಕಾಯಬೇಕು, ಅದು ಮುಗಿಸಿದಲ್ಲಿ ಕಾಲೂರಬೇಕು. ಪಾಶ್ಚಾತ್ಯ ರಾಕ್ ಪುಸ್ತಕ ನೋಡಿ ಕಲಿತ ಹುಡುಗರಿಗೆ ಈ ಪಾಠ ಬೇರೆಲ್ಲೂ ಸಿಗುವುದಿಲ್ಲ.

ಎರಡನೆಯದು ಶ್ರುತಿ. ನಮ್ಮ ಸಂಗೀತದಲ್ಲಿ ತಂಬೂರಿ ಒಂದೇ ನೆಲೆ ಹಿಡಿದು ನಿಲ್ಲುತ್ತದೆ, ಸ್ವರಮೇಳ ಗಳಿಗೆಗೊಮ್ಮೆ ಬದಲಾಗುವುದಿಲ್ಲ. ಇಂಡಿಯನ್ ಓಷನ್ ಹಾಡುಗಳಲ್ಲಿ ಬೇಸ್ ಎಷ್ಟೋ ಕಡೆ ಒಂದೇ ಸಣ್ಣ ಸಾಲನ್ನು ಮತ್ತೆ ಮತ್ತೆ ಸುತ್ತುತ್ತದೆ, ತಂಬೂರಿಯ ಕೆಲಸವನ್ನೂ ತಾಳದ ಕೆಲಸವನ್ನೂ ಒಟ್ಟಿಗೆ ಹೊರುತ್ತದೆ. ವಾಗ್ಗೇಯಕಾರರ ಮೊಮ್ಮಗನ ಕಿವಿಗೆ ಇದು ಮನೆಯಿಂದಲೇ ಬಂತೋ ಏನೋ, ನನ್ನ ಊಹೆ ಅಷ್ಟೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ನುಡಿಸುತ್ತಲೇ ಹಾಡುವುದು. ಗಿಟಾರ್ ಮೀಟುತ್ತ ಹಾಡುವವರು ಬೀದಿಗೊಬ್ಬರು ಸಿಗುತ್ತಾರೆ, ಮೀಟು ಹಾಡಿನ ಜೊತೆಗೇ ಹೋಗುತ್ತದೆ. ಬೇಸಿನ ಲಯ ಹಾಗಲ್ಲ, ಹಾಡಿನ ಮಾತು ಒಂದು ಕಡೆ ಬಿದ್ದರೆ ಬೆರಳು ಇನ್ನೊಂದು ಕಡೆ ಬೀಳಬೇಕು. ನಮ್ಮ ಹುಡುಗ ಇದನ್ನು ಕಲಿಯಲು ಒಂದು ಉಪಾಯ ಹೂಡಿದ. ಮೊದಲು ಬೇಸ್ ನುಡಿಸುತ್ತ ಅಮ್ಮನ ಜೊತೆ ಸಂತೆ ಪಟ್ಟಿ ಮಾತಾಡುವುದು, ಅದು ಬಂದ ಮೇಲೆ ಹಾಡುವುದು. ಆರು ತಿಂಗಳು ಹಿಡಿಯಿತಂತೆ, ಆ ಆರು ತಿಂಗಳು ಮನೆಗೆ ತಪ್ಪು ತರಕಾರಿ ಬರುತ್ತಿತ್ತಂತೆ!

ತಂಡದ ಹಾದಿಯೂ ಸುಲಭದ್ದಲ್ಲ. 2009ರ ಡಿಸೆಂಬರ್ 25ರಂದು ಅಸೀಮ್ ತೀರಿಕೊಂಡರು. 2013ರಲ್ಲಿ ಸುಸ್ಮಿತ್ ಹೊರನಡೆದರು. ದನಿಯೂ ಗಿಟಾರೂ ಹೋದ ಮೇಲೆ ತಂಡ ಮುಗಿಯಿತು ಎಂದವರು ಬಹಳ. ತಳ ಉಳಿದಿತ್ತು. ಹೊಸಬರು ಬಂದರು, 2014ರಲ್ಲಿ ‘ತಂದಾನು’ ಆಲ್ಬಂ ಬಂತು. ಹೆಸರು ಕೇಳಿದರೆ ನಮ್ಮ ಕನ್ನಡದ ಕಿವಿಗೆ ಜನಪದ ಮೇಳದ ಸೊಲ್ಲು ನೆನಪಾಗದೇ ಇರದು. 2015ರ ‘ಮಸಾನ್’ ಚಿತ್ರದ ಹಾಡುಗಳು ಇವರವೇ, 2023ರಲ್ಲಿ ‘ತೂ ಹೈ’ ಬಂತು.

ಪೀಠದ ಆನೆಗಳು

ಸಂಭಾಜಿನಗರದಿಂದ ಗಂಟೆಯೊಳಗಿನ ದಾರಿಯಲ್ಲಿ ಎಲ್ಲೋರ ಇದೆ. ಕನ್ನಡಿಗರಿಗೆ ಅದು ಪರಸ್ಥಳವಲ್ಲ. ಎಂಟನೆಯ ಶತಮಾನದಲ್ಲಿ ಅಲ್ಲಿನ ಕೈಲಾಸ ದೇವಾಲಯದ ಕೆಲಸ ನಡೆದದ್ದು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದಲ್ಲಿ. ಅದೇ ವಂಶದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಉತ್ತರದ ಗಡಿಯೆಂದು ಹೇಳುವುದು ಗೋದಾವರಿಯನ್ನು, ನಾಸಿಕ್ ಪಕ್ಕದ ತ್ರ್ಯಂಬಕದಲ್ಲಿ ಹುಟ್ಟುವ ಅದೇ ಗೋದಾವರಿಯನ್ನು.

ಕಾಲೇಜು ಬ್ಯಾಂಡಿನವರು ಒಂದು ಭಾನುವಾರ ಅಲ್ಲಿಗೆ ಹೋಗಿದ್ದರಂತೆ. ಎಲ್ಲರೂ ಕತ್ತೆತ್ತಿ ಶಿಖರ ನೋಡುತ್ತಿದ್ದಾಗ ಇವನ ಕಣ್ಣು ಕೆಳಗೆ ಹೋಯಿತು. ಪೀಠದ ಸುತ್ತ ಸಾಲಾಗಿ ಆನೆಗಳು, ಇಡೀ ದೇವಾಲಯ ತಮ್ಮ ಬೆನ್ನ ಮೇಲಿದೆ ಎಂಬಂತೆ ನಿಂತಿವೆ. ಕೆಲವಕ್ಕೆ ಸೊಂಡಿಲು ಮುರಿದಿದೆ. ಗೆಳೆಯರನ್ನು ಕರೆದು ತೋರಿಸಿ, “ನಮ್ಮ ಬ್ಯಾಂಡಿನಲ್ಲಿ ನಾನು ಇದು” ಎಂದನಂತೆ. ಅವತ್ತಿನಿಂದ ಅವನಿಗೆ ‘ಹತ್ತಿ’ ಎಂದೇ ಅಡ್ಡಹೆಸರು. ಮರಾಠಿಯಲ್ಲಿ ಆನೆ ಎಂದು ಅರ್ಥ.

ಬ್ಯಾಂಡ್ ಈಗ ಇಲ್ಲ. ಕೆಲಸ ಸಿಕ್ಕಿ ನಾಲ್ವರೂ ನಾಲ್ಕು ದಿಕ್ಕಾದರು. ಇವನ ಬೇಸ್ ಮಾತ್ರ ನಮ್ಮ ಊರಿನ ಬಾಡಿಗೆ ಕೋಣೆಯಲ್ಲಿ ಮಂಚದ ಪಕ್ಕ ಇದೆ. ಭಾನುವಾರ ಆಂಪ್ಲಿಫೈಯರ್ ಇಲ್ಲದೆ, ಪಕ್ಕದ ಮನೆಗೂ ಕೇಳಿಸದ ಹಾಗೆ ನುಡಿಸುತ್ತಾನಂತೆ.

ಮುಂದಿನ ವಾರವೇ ನಾನು ‘ಮಾ ರೇವಾ’ ಮತ್ತೆ ಹಾಕಿದೆ. ಜಾಹೀರಾತನ್ನು ಮೊದಲೇ ಮುಗಿಸಿ, ಫೇಡರಿನಿಂದ ಕೈ ತೆಗೆದು, ಕೊನೆಯ ತಂತಿಯ ಕಂಪನ ನಿಲ್ಲುವವರೆಗೆ ಕಾದೆ. ಆಮೇಲೂ ಎರಡು ಸೆಕೆಂಡು ಮಾತಾಡಲಿಲ್ಲ. ಫೋನ್ ಬರಲಿಲ್ಲ. ಬಾರದಿದ್ದುದೇ ಸಮಾಧಾನ ಎಂದುಕೊಂಡೆ.

ನೀವೂ ಒಮ್ಮೆ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಆ ಹಾಡು ಕೇಳಿ. ಹಾಡುವವರನ್ನು ಬಿಟ್ಟು, ಗಿಟಾರನ್ನೂ ಬಿಟ್ಟು, ಕೆಳಗಿನ ದನಿಯ ಬೆನ್ನು ಹತ್ತಿ. ಏನು ಕೇಳಿಸಿತು ಎಂದು ನಮಗೆ ಬರೆಯಿರಿ. ಮತ್ತೆ ಗಾಳಿಯಲ್ಲಿ ಸಿಗೋಣ.